ಲೆನೊವೊ ಯಾವ ಮನೆಯದ್ದು?

ಬ್ರಾಹ್ಮಿಯ ಅಂಗಡಿಗೆ ಹೊಸದಾಗಿ ಬಂದವರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಒಂದೇ. ‘‘ಯಾರೂ ಇಲ್ವಾ?’’ ಅವಳು ಎದುರಿಗೇ, ಮೇಜಿನ ಹಿಂದೆ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಿರುತ್ತಾಳೆ. ನಲವತ್ತಾರು ವರ್ಷದ ಹೆಂಗಸು, ಕಣ್ಣಿಗೆ ಕಾಣದಷ್ಟು ಸಣ್ಣವಳೇನಲ್ಲ. ಆದರೂ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದ ಗಂಡಸರ ದೃಷ್ಟಿ ಅವಳ ತಲೆಯ ಮೇಲಿಂದ ಹಾದು, ಒಳಗಿನ ಪರದೆಯ ಹಿಂದೆ ಒಬ್ಬ ಮೆಕ್ಯಾನಿಕ್ ಇದ್ದಾನೋ ಎಂದು ಹುಡುಕುತ್ತದೆ. ಪರದೆಯ ಹಿಂದೆ ಇರುವುದು ಕುಡಿಯುವ ನೀರಿನ ಕೊಡ ಮತ್ತು ಹಳೆಯ ಮಾನಿಟರುಗಳ ರಾಶಿ. ಬೆಳ್ತಂಗಡಿಯ ಬಸ್ ನಿಲ್ದಾಣದ ಹಿಂದಿನ ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬ್ರಾಹ್ಮಿ ‘‘ನಾನಿದ್ದೇನೆ, ಕೂತ್ಕೊಳ್ಳಿ’’ ಎಂದೇ ಉತ್ತರ ಕೊಡುತ್ತ ಬಂದಿದ್ದಾಳೆ.

ಮೊದಮೊದಲು ಬಹಳ ಕಷ್ಟವಿತ್ತು. ಹೆಂಗಸಿನ ಕೈಗೆ ಯಂತ್ರ ಕೊಟ್ಟವರು ಆ ಕೈಯನ್ನೇ ನೋಡುತ್ತ ಕೂರುತ್ತಿದ್ದರು. ‘‘ಅದು ಮುರೀಲಿಕ್ಕಿಲ್ಲ ಅಲ್ವಾ?’’ ಎಂದು ನಡುನಡುವೆ ಕೇಳುತ್ತಿದ್ದರು. ನೋಡುವ ಕಣ್ಣು ಹೆಚ್ಚಾದಷ್ಟೂ ಸ್ಕ್ರೂಡ್ರೈವರ್ ಜಾರುತ್ತದೆ. ಒಂದು ದಿನ ಬಂಟ್ವಾಳದ ಅಕ್ಕಿ ವ್ಯಾಪಾರಿಯೊಬ್ಬ ತನ್ನ ಏಸರ್ ಯಂತ್ರವನ್ನು ಮೇಜಿನ ಮೇಲಿಟ್ಟು, ಅದರ ಮೇಲಿಂದ ಕೈಯನ್ನೇ ತೆಗೆಯದೆ ಕೂತುಬಿಟ್ಟ. ಬ್ರಾಹ್ಮಿಗೆ ಬೇರೆ ದಾರಿ ಕಾಣದೆ, ‘‘ಇದರ ಹೆಸರಿನ ಅರ್ಥ ಗೊತ್ತುಂಟಾ ನಿಮಗೆ?’’ ಎಂದು ಕೇಳಿದಳು. ಗೊತ್ತಿರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಏಸರ್ ಎಂದರೆ ಹರಿತವಾದದ್ದು, ಚುರುಕಾದದ್ದು ಎಂದಳು. ಕಂಪೆನಿ ತೈವಾನಿನದ್ದು ಎಂದಳು. ತೈವಾನಿನವರಿಗೂ ಲ್ಯಾಟಿನಿಗೂ ಎಂತ ಸಂಬಂಧ ಎಂದು ಅವನು ಕೈತೆಗೆದು ಗಲ್ಲಕ್ಕೆ ಕೊಟ್ಟುಕೊಂಡ. ಸಂಬಂಧ ವಿವರಿಸಿ ಮುಗಿಯುವಷ್ಟರಲ್ಲಿ ಹನ್ನೊಂದು ಸ್ಕ್ರೂ ಬಿಚ್ಚಿ ಆಗಿತ್ತು. ಅಂದಿನಿಂದ ಅದೇ ಅವಳ ಕ್ರಮ. ಬಾಯಿ ಹೆಸರಿನ ಕಥೆ ಹೇಳುತ್ತದೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ.

ಕಥೆಗಳೇನೂ ಅವಳಿಗೆ ಆಕಾಶದಿಂದ ಉದುರಿದ್ದಲ್ಲ. ಅವಳ ಅಪ್ಪ ಸಂಪತ್‌ಕುಮಾರರಿಗೆ ಮೂಡುಬಿದಿರೆಯ ಜೈನಪೇಟೆಯಲ್ಲಿ ನೋಟುಪುಸ್ತಕ, ಪೆನ್ನು, ಪಂಚಾಂಗ ಮಾರುವ ಸಣ್ಣ ಅಂಗಡಿ ಇತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಶಬ್ದಗಳ ಬೇರು ಅಗೆಯುವ ಹುಚ್ಚು ಅವರಿಗೆ. ಮೊದಲ ತೀರ್ಥಂಕರ ಆದಿನಾಥ ಸ್ವಾಮಿ ಒಬ್ಬ ಮಗಳಿಗೆ ಅಕ್ಷರ ಕಲಿಸಿದ, ಇನ್ನೊಬ್ಬಳಿಗೆ ಅಂಕೆ ಕಲಿಸಿದ; ಅಕ್ಷರ ಕಲಿತವಳು ಬ್ರಾಹ್ಮಿ, ಲಿಪಿಗೂ ಅವಳದೇ ಹೆಸರು ಎಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೂರು ಸಲ ಹೇಳಿದ್ದರು. ‘‘ಸುಮ್ಮನೆ ಇಟ್ಟ ಹೆಸರು ಅಂತ ಲೋಕದಲ್ಲಿ ಒಂದೂ ಇಲ್ಲ ಮಗಾ. ಕೇಳುವವರು ಇಲ್ಲ, ಅಷ್ಟೆ’’ ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಉಳಿದಿದ್ದ ಒಂದು ಉದ್ದ ನೋಟುಪುಸ್ತಕವನ್ನು ಅವಳು ಬೆಳ್ತಂಗಡಿಗೆ ತಂದುಕೊಂಡಳು. ಎಲ್ಲಿ ಯಾವ ಕಂಪೆನಿಯ ಹೆಸರಿನ ಮೂಲ ಸಿಕ್ಕಿದರೂ ಅದರಲ್ಲಿ ಬರೆದಿಟ್ಟಳು.

ಬರೆದದ್ದು ಮಾತ್ರ ನಮ್ಮ ಕಡೆಯ ರೀತಿಯಲ್ಲಿ. ಈ ಸೀಮೆಯಲ್ಲಿ ಮನುಷ್ಯನನ್ನು ಹೆಸರು ಹಿಡಿದು ಗುರುತಿಸುವುದು ಕಡಿಮೆ. ‘ಯಾವ ಮನೆ?’ ಎಂಬುದೇ ಮೊದಲ ಪ್ರಶ್ನೆ. ಮನೆ ಗೊತ್ತಾದರೆ ಅಪ್ಪ, ಅಜ್ಜ, ಹೆಣ್ಣು ಕೊಟ್ಟ ಊರು, ಹಳೆಯ ಜಗಳ ಎಲ್ಲ ತಾನಾಗಿ ಗೊತ್ತಾಗುತ್ತದೆ. ಕಂಪ್ಯೂಟರುಗಳಿಗೂ ಬ್ರಾಹ್ಮಿ ಅದೇ ಪ್ರಶ್ನೆ ಹಾಕಿದಳು. ಏಸಸ್ ಎಂಬ ಹೆಸರು ಪೆಗಾಸಸ್ ಎಂಬ ರೆಕ್ಕೆಯ ಕುದುರೆಯ ಬಾಲ. ಪಟ್ಟಿಯಲ್ಲಿ ಮೇಲೆ ಬರಲೆಂದು ಮುಂದಿನ ಅಕ್ಷರಗಳನ್ನು ಕತ್ತರಿಸಿದರು. ಅದನ್ನು ಕಟ್ಟಿದ ನಾಲ್ವರೂ ಮೊದಲು ಏಸರ್‌ನಲ್ಲಿದ್ದವರು. ಹಾಗಾಗಿ ಅವಳ ಪುಸ್ತಕದಲ್ಲಿ ಏಸಸ್ ಎದುರಿಗೆ ‘ಏಸರ್ ಮನೆಯಿಂದ ಪಾಲಾಗಿ ಹೋದವರು’ ಎಂದಿದೆ. ಎಚ್‌ಪಿ ಇಬ್ಬರು ಸ್ನೇಹಿತರ ಹೆಸರು. ಯಾರ ಹೆಸರು ಮೊದಲು ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರಂತೆ. ಕಾಂಪ್ಯಾಕ್ ಆ ಮನೆ ಸೇರಿ, ಕೊನೆಗೆ ತನ್ನ ಹೆಸರನ್ನೇ ಕಳೆದುಕೊಂಡಿತು. ‘ಪಾಪ, ಅಳಿಯಕಟ್ಟು ಗೊತ್ತಿಲ್ಲದ ಊರು’ ಎಂದು ಬ್ರಾಹ್ಮಿ ಅಂಚಿನಲ್ಲಿ ಬರೆದಿದ್ದಾಳೆ. ಇಲ್ಲಿ ಹೆಣ್ಣು ಯಾರ ಕೈ ಹಿಡಿದರೂ ತಾಯಿಯ ಮನೆ ಹೆಸರು ಬಿಡುವುದಿಲ್ಲವಷ್ಟೆ. ವಿಪ್ರೊದವರು ಮೊದಲು ವನಸ್ಪತಿ ಎಣ್ಣೆ ಮಾಡುತ್ತಿದ್ದರು, ಹೆಸರು ಆ ಕಾಲದ್ದೇ ಎಂದು ಹೇಳಿದಾಗ ಪಕ್ಕದ ಟೈಲರ್ ಮೊಯಿದಿನಬ್ಬ, ‘‘ಹಾಗಾದ್ರೆ ನಾಳೆ ನಾನೂ ರಾಕೆಟ್ ಮಾಡಬಹುದು ಬ್ರಾಹ್ಮಿಯಕ್ಕ’’ ಎಂದಿದ್ದರು.

ಊರಲ್ಲಿ ಸುದ್ದಿ ಹಬ್ಬಿತು. ಯಂತ್ರ ಕೆಡದಿದ್ದರೂ ಹೆಸರಿನ ಅರ್ಥ ಕೇಳಲು ಬರುವವರಾದರು. ಧರ್ಮಸ್ಥಳದ ಒಂದು ವಸತಿಗೃಹದವರು ತಮ್ಮ ಕ್ಯಾನನ್ ಪ್ರಿಂಟರಿನ ಹೆಸರು ಬೌದ್ಧರ ಕರುಣೆಯ ದೇವತೆಯದ್ದೆಂದು ತಿಳಿದ ಮೇಲೆ ಅದರ ಮೇಲೆ ಕಾಫಿ ಲೋಟ ಇಡುವುದನ್ನು ಬಿಟ್ಟರು. ಬ್ರಾಹ್ಮಿಗೆ ಸ್ವಲ್ಪ ಅಹಂಕಾರವೂ ಬಂತು. ಬರಲಿ, ಇಪ್ಪತ್ತೆರಡು ವರ್ಷ ‘ಯಾರೂ ಇಲ್ವಾ’ ಎಂದು ಕೇಳಿಸಿಕೊಂಡವಳಿಗೆ ಅಷ್ಟೂ ಬೇಡವೇ? ಆದರೆ ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆ ಅವಳ ಮೇಜಿನ ಮೇಲಿನ ರಿಜಿಸ್ಟರಿನಲ್ಲೇ ಇತ್ತು. ರಿಪೇರಿಗೆ ಬಂದ ಯಂತ್ರಗಳ ಎದುರು ಅವಳು ಬರೆಯುತ್ತಿದ್ದುದು ಮನೆಯ ಹೆಸರು ಮಾತ್ರ. ಅದೇ ಹೆಸರಿನ ಚೀಟಿ ಯಂತ್ರದ ಬೆನ್ನಿಗೆ. ತಂದವರ ಹೆಸರು ಕೇಳುವ ಅಭ್ಯಾಸವೇ ಇರಲಿಲ್ಲ.

ಅಕ್ಟೋಬರ್ ತಿಂಗಳ ಒಂದು ಬುಧವಾರ ನೆರಿಯದ ಕಡೆಯಿಂದ ಒಬ್ಬ ಮುದುಕ ಬಂದ. ಅರ್ಧ ತೋಳಿನ ಬಿಳಿ ಅಂಗಿ, ಮೊಣಕಾಲು ದಾಟದ ಪಂಚೆ, ಕೈಯಲ್ಲಿ ಬಟ್ಟೆಯ ಚೀಲ. ‘ಯಾರೂ ಇಲ್ವಾ’ ಎಂದು ಅವನು ಕೇಳಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಬಳಿಯೇ ನಿಂತು, ‘‘ಅಮ್ಮಾ, ಪುಳ್ಳಿಯದ್ದು. ಕಷಾಯ ಬಿತ್ತು’’ ಎಂದ. ಪುಳ್ಳಿ ಎಂದರೆ ಮೊಮ್ಮಗಳು. ಚೀಲದೊಳಗೆ ಕಪ್ಪು ಬಣ್ಣದ ಲೆನೊವೊ. ಬೆಲ್ಲದ ಕಷಾಯ ಕೀಲಿಗಳ ಸಂದಿಗೆ ಇಳಿದು, ಇರುವೆಗಳು ಆಗಲೇ ಅಲ್ಲಿ ಸಂಸಾರ ಹೂಡಿದ್ದವು.

‘‘ಒಳಗೆ ಬನ್ನಿ ಅಜ್ಜ, ಕೂತ್ಕೊಳ್ಳಿ’’ ಎಂದು ಬ್ರಾಹ್ಮಿ ಕಥೆ ಶುರುಮಾಡಿದಳು. ಚೀನಾದ ಕಂಪೆನಿ. ಮೊದಲು ಅದಕ್ಕೆ ಲೆಜೆಂಡ್ ಎಂಬ ಹೆಸರಿತ್ತು, ದಂತಕಥೆ ಎಂದ ಹಾಗೆ. ಹೊರದೇಶಕ್ಕೆ ಹೊರಟಾಗ ನೋಡಿದರೆ ಆ ಹೆಸರು ಅಲ್ಲಲ್ಲಿ ಆಗಲೇ ಬೇರೆಯವರದ್ದಾಗಿತ್ತು. ಹಳೆಯ ಹೆಸರಿನ ‘ಲೆ’ ಉಳಿಸಿಕೊಂಡು ಅದಕ್ಕೆ ‘ನೊವೊ’ ಸೇರಿಸಿದರು. ‘‘ನೊವೊ ಅಂದ್ರೆ ಲ್ಯಾಟಿನಿನಲ್ಲಿ ಹೊಸತು. ನಾವು ನವ ಅಂತೇವಲ್ಲ, ಅದೂ ಇದೂ ಒಂದೇ ಬೇರಿನದ್ದು. ಆಯ್ತು, ಯಾವ ಮನೆ ನಿಮ್ಮದು?’’

ಮುದುಕ ಕೈಕಟ್ಟಿಕೊಂಡು, ‘‘ನೆರಿಯ ಹೊಸಮನೆಯದ್ದು ಅಮ್ಮಾ’’ ಎಂದ.

ಬ್ರಾಹ್ಮಿಗೆ ನಗು ಬಂತು. ಹೊಸತು ಎಂಬ ಹೆಸರಿನ ಯಂತ್ರ ಹೊಸಮನೆಯಿಂದಲೇ ಬಂದಿದೆ! ಈ ಖುಷಿಯಲ್ಲಿ ಮುಂದೆ ಏನನ್ನೂ ಕೇಳದೆ ರಿಜಿಸ್ಟರಿನಲ್ಲಿ ‘ನೆರಿಯ ಹೊಸಮನೆ’ ಎಂದು ಬರೆದು, ಅದನ್ನೇ ಚೀಟಿಯಲ್ಲಿ ಬರೆದು ಅಂಟಿಸಿದಳು. ಶನಿವಾರ ಬನ್ನಿ ಎಂದಳು.

ಮರುದಿನ ಅದೇ ನೆರಿಯದ ಹೊಸಮನೆಯ ತರುಣ್ ಬಂದ. ಅದು ಆ ಕಡೆಯ ದೊಡ್ಡ ಮನೆ. ತರುಣ್‌ಗೆ ಮಸ್ಕತ್ತಿನಲ್ಲಿ ಕೆಲಸ, ರಜೆಯಲ್ಲಿ ಬಂದಿದ್ದ. ಅವನು ತಂದದ್ದೂ ಕಪ್ಪು ಲೆನೊವೊ. ‘‘ಹಳೇದು ಅಕ್ಕ. ಇದ್ರಲ್ಲಿ ಇದ್ದದ್ದೆಲ್ಲ ತೆಗೆದು ಹೊಸದಾಗಿ ವಿಂಡೋಸ್ ಹಾಕಿ ಕೊಡಿ. ನಂಗೆ ಎಂತದೂ ಬೇಡ ಅದ್ರಿಂದ’’ ಎಂದು ಹೋದ. ಬ್ರಾಹ್ಮಿ ಅದಕ್ಕೂ ‘ನೆರಿಯ ಹೊಸಮನೆ’ ಎಂದು ಚೀಟಿ ಹಚ್ಚಿದಳು. ಎರಡೂ ಒಂದೇ ಮನೆಯದ್ದು, ಮುದುಕ ಅಲ್ಲಿಯ ಹಿರಿಯರ ಪೈಕಿ ಯಾರೋ ಇರಬೇಕು ಎಂದುಕೊಂಡಳು. ಹಾಗೆ ಅಂದುಕೊಳ್ಳುವಾಗ ಅವನು ಬಾಗಿಲಲ್ಲೇ ನಿಂತದ್ದು, ಚಪ್ಪಲಿ ಬಿಟ್ಟದ್ದು ಅವಳ ನೆನಪಿಗೆ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಕಪಾಟಿನಿಂದ ಕೈಗೆ ಸಿಕ್ಕಿದ ಹೊಸಮನೆಯನ್ನು ತೆಗೆದು, ಯಾವಾಗಲೂ ಮಾಡುವಂತೆ ತಂತಿಯಲ್ಲಿ ಬೇರೆ ಕೀಬೋರ್ಡು ಸಿಕ್ಕಿಸಿ, ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ತುಂಬಿಸಿದಳು. ಅದು ಬುಧವಾರವೇ ತೊಳೆದು ಒಣಗಿಸಿ ಇಟ್ಟಿದ್ದ, ಕಷಾಯ ಕುಡಿದ ಲೆನೊವೊ.

ಶನಿವಾರ ಹತ್ತೂವರೆಗೆ ಮುದುಕ ಬಂದ. ಜೊತೆಗೆ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ‘‘ಪುಳ್ಳಿ. ಮೂಡುಬಿದಿರೆಯಲ್ಲಿ ಎಮ್ಮೆಸ್ಸಿ’’ ಎಂದ, ಹೇಳುವಾಗ ಮುಖ ಅರಳಿತು. ಮೂರು ಕೀಲಿ ಇನ್ನೂ ಅಂಟುತ್ತವೆ, ಬದಲಿ ಕೀಬೋರ್ಡು ಬೆಂಗಳೂರಿನಿಂದ ಬರಲು ಒಂದು ವಾರ ಎಂದು ಬ್ರಾಹ್ಮಿ ಹೇಳುತ್ತಿದ್ದಳು. ಹುಡುಗಿ ಯಂತ್ರ ತೆರೆದು ನೋಡಿದಳು. ಒಂದು ಸಲ ಮುಚ್ಚಿ ಮತ್ತೆ ತೆರೆದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು: ‘‘ಮೇಡಂ, ಇದ್ರಲ್ಲಿ ಅಣಬೆ ಅಂತ ಒಂದು ಫೋಲ್ಡರ್ ಇತ್ತು. ಅದೆಲ್ಲಿ?’’

ಬ್ರಾಹ್ಮಿ ಕಪಾಟಿನತ್ತ ತಿರುಗಿದಳು. ಇನ್ನೊಂದು ಹೊಸಮನೆ ಅಲ್ಲಿ ಮುಟ್ಟದೆ ಕೂತಿತ್ತು. ಅವಳು ಅದರ ಚೀಟಿಯನ್ನು ಓದಿದಳು, ಇದರ ಚೀಟಿಯನ್ನೂ ಓದಿದಳು.

ವಿಷಯ ಇಷ್ಟು. ಹುಡುಗಿ ಎರಡು ಮಳೆಗಾಲ ಅಜ್ಜನ ಬೆನ್ನ ಹಿಂದೆ ನೆರಿಯದ ಕಾಡಿನ ಅಂಚನ್ನೆಲ್ಲ ಸುತ್ತಿ ಅಣಬೆಗಳ ಫೋಟೋ ತೆಗೆದಿದ್ದಳು. ಆರುನೂರ ನಲವತ್ತು ಫೋಟೋ. ಒಂದೊಂದಕ್ಕೂ ಅಜ್ಜ ಹೇಳಿದ ಹೆಸರು, ಸಿಕ್ಕಿದ ಜಾಗ. ಬರೆದ ಪ್ರಬಂಧದ ಪ್ರತಿ ಅವಳ ಮೇಷ್ಟ್ರ ಬಳಿ ಇತ್ತು, ಫೋಟೋಗಳು ಇರಲಿಲ್ಲ. ಪೆನ್‌ಡ್ರೈವಿಗೆ ಹಾಕಿದ್ದು ಹಿಂದಿನ ತಿಂಗಳು ಹಾಳಾಗಿತ್ತು. ಒಪ್ಪಿಸಬೇಕಾದದ್ದು ಬರುವ ಗುರುವಾರ. ಮತ್ತೆ ತೆಗೆಯೋಣವೆಂದರೆ ಕೆಲವು ಅಣಬೆಗಳು ವರ್ಷಕ್ಕೆ ಒಂದೇ ವಾರ ಮುಖ ತೋರಿಸುವವು. ಮುಂದಿನ ಮಳೆಗಾಲದ ಆಟಿ ತಿಂಗಳವರೆಗೆ ಕಾಯಬೇಕು. ಅಂದರೆ ಒಂದು ವರ್ಷ ಹೋದಂತೆಯೇ.

‘ಕಷಾಯ ಇಳಿದು ಡಿಸ್ಕ್ ಹೋಗಿದೆ’ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆ ಮಾತು ಬ್ರಾಹ್ಮಿಯ ನಾಲಿಗೆಯ ತುದಿಯವರೆಗೂ ಬಂತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳು ಮೇಜು ಹಿಡಿದುಕೊಂಡು, ‘‘ತಪ್ಪು ನನ್ನದು. ಬೇರೆಯವರದ್ದು ಅಳಿಸುವ ಬದಲಿಗೆ ನಿಮ್ಮದನ್ನು ಅಳಿಸಿದೆ’’ ಎಂದಳು. ಆಮೇಲೆ ಮನುಷ್ಯರ ಸ್ವಭಾವದಂತೆ ಒಂದು ನೆಪವನ್ನೂ ಹುಡುಕಿದಳು: ‘‘ಅಜ್ಜ ಹೊಸಮನೆ ಅಂದ್ರು. ಆ ಇನ್ನೊಬ್ಬರದ್ದೂ ಹೊಸಮನೆ.’’

‘‘ಹೌದಲ್ಲ ಅಮ್ಮಾ’’ ಎಂದ ಮುದುಕ, ಏನು ತಪ್ಪಾಯಿತೆಂದು ತಿಳಿಯದೆ. ‘‘ನಾವು ಹೊಸಮನೆಯವರೇ. ನನ್ನ ಅಪ್ಪ, ಅಜ್ಜ, ಎಲ್ಲ ಅಲ್ಲೇ ದುಡಿದದ್ದು. ಎಲ್ಲಿ ಕೇಳಿದ್ರೂ ನಾವು ಹಾಗೇ ಹೇಳುವುದು.’’

‘‘ನೀವು ಅಲ್ಲಿ ಕೆಲಸ ಬಿಟ್ಟು ಮೂವತ್ತು ವರ್ಷ ಆಯ್ತಲ್ಲ ಅಜ್ಜ’’ ಎಂದಳು ಹುಡುಗಿ. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. ‘‘ನಮಗೆ ನಮ್ಮದೇ ಮನೆ ಉಂಟು. ಹಂಚು ನೀವೇ ಹೊದೆಸಿದ್ದು.’’ ಮತ್ತೆ ಬ್ರಾಹ್ಮಿಯ ಕಡೆ ತಿರುಗಿದಳು. ‘‘ನಿಮ್ಗೆ ಏಸರ್ ಯಾವ ಮನೆ, ಏಸಸ್ ಯಾವ ಮನೆ ಎಲ್ಲ ಗೊತ್ತುಂಟಂತೆ ಮೇಡಂ. ಲೆನೊವೊದ್ದು ಅಜ್ಜ ಬಂದು ನಮ್ಗೆಲ್ಲ ಹೇಳಿದ್ರು, ಖುಷಿಯಲ್ಲಿ. ನನ್ನ ಅಜ್ಜನ ಹೆಸರು ಎಂತ ಅಂತ ಗೊತ್ತುಂಟಾ?’’

ಗೊತ್ತಿರಲಿಲ್ಲ. ಬ್ರಾಹ್ಮಿ ರಿಜಿಸ್ಟರು ತೆರೆದಳು, ಅದರಲ್ಲಿ ಇರಲಿಲ್ಲ. ಯಾರಾದರೂ ಕೆನ್ನೆಗೆ ಹೊಡೆದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

‘‘ತುಕ್ರಪ್ಪ’’ ಎಂದ ಮುದುಕ, ತಾನೇ ತಪ್ಪು ಮಾಡಿದವನ ಹಾಗೆ. ‘‘ಇವಳು ನವ್ಯಾ.’’

ಬ್ರಾಹ್ಮಿ ಎರಡು ದಿನದ ವಾಯಿದೆ ಕೇಳಿದಳು. ಹಳೆಯ ತರದ ಡಿಸ್ಕಿನಿಂದ ಅಳಿಸಿದ ಕೂಡಲೇ ಎಲ್ಲವೂ ಹೋಗಿಬಿಡುವುದಿಲ್ಲ. ಗ್ರಂಥಾಲಯದ ಪಟ್ಟಿಯನ್ನು ಹರಿದು ಹಾಕಿದಂತೆ. ಪುಸ್ತಕಗಳು ಕಪಾಟಿನಲ್ಲೇ ಇರುತ್ತವೆ, ಯಾವುದು ಎಲ್ಲಿ ಎಂದು ಹೇಳುವವರು ಇರುವುದಿಲ್ಲ. ಆದರೆ ಹೊಸದು ಬರೆದ ಜಾಗದಲ್ಲಿದ್ದ ಹಳೆಯದು ಹೋದದ್ದೇ. ಎಷ್ಟು ಉಳಿದಿದೆ ಎಂಬುದು ಹುಡುಕಿದ ಮೇಲೆಯೇ ಗೊತ್ತು. ನವ್ಯಾ ತಲೆಯಾಡಿಸಿ ಎದ್ದಳು. ಹೋಗುವಾಗ ಬರುತ್ತೇನೆ ಎನ್ನಲಿಲ್ಲ.

ಅವರು ಮೆಟ್ಟಿಲು ಇಳಿದ ಮೇಲೆ ಬ್ರಾಹ್ಮಿ ತರುಣ್‌ಗೆ ಫೋನು ಮಾಡಿ, ಹೀಗಾಗಿದೆ, ನಿಮ್ಮದು ಎರಡು ದಿನ ತಡ ಎಂದಳು. ‘‘ಯಾರು, ನಮ್ಮ ತುಕ್ರನದ್ದಾ? ಅವ ನಮ್ಮ ಮನೆಯವನೇ ಅಲ್ವಾ ಅಕ್ಕ, ತೊಂದ್ರೆ ಇಲ್ಲ’’ ಎಂದ ಅವನು, ನಿಜಕ್ಕೂ ಒಳ್ಳೆಯ ಮನಸ್ಸಿನಿಂದಲೇ. ಬ್ರಾಹ್ಮಿ ಫೋನು ಕೆಳಗಿಟ್ಟಳು. ಹಿಂದಿನ ವಾರವಾಗಿದ್ದರೆ ಆ ಮಾತಿನಲ್ಲಿ ಅವಳಿಗೂ ಏನೂ ತಪ್ಪು ಕಾಣುತ್ತಿರಲಿಲ್ಲ.

ಡಿಸ್ಕನ್ನು ಹೊರಗೆ ತೆಗೆದು ಬೇರೆ ಯಂತ್ರಕ್ಕೆ ಜೋಡಿಸಿ, ಹುಡುಕುವ ಸಾಫ್ಟ್‌ವೇರಿಗೆ ಕೆಲಸ ಹಚ್ಚಿದಳು. ಅದು ಆಮೆಯಂತೆ ತೆವಳಿತು. ಭಾನುವಾರವೂ ಅಂಗಡಿ ತೆರೆದಳು. ಗಂಡ ಶ್ರೇಯಾಂಸ್ ಬುತ್ತಿ ತಂದುಕೊಟ್ಟು, ಪರದೆಯ ಮೇಲಿನ ಅಂಕಿಗಳನ್ನು ನೋಡಿ, ಪಕ್ಕದಲ್ಲಿ ಕೂತ. ಅವನಿಗೆ ಕಂಪ್ಯೂಟರು ಗೊತ್ತಿಲ್ಲ, ಹೆಂಡತಿ ಗೊತ್ತು. ಮಧ್ಯಾಹ್ನ ಮೂರು ಗಂಟೆಗೆ ಮೊದಲ ಫೋಟೋ ಕಾಣಿಸಿತು. ಕೊಳೆತ ಮರದ ಮೇಲೆ ಹಳದಿ ಬಣ್ಣದ ಸಣ್ಣ ಸಣ್ಣ ಕೊಡೆಗಳು. ಆಮೇಲೆ ಇನ್ನೊಂದು, ಮತ್ತೊಂದು. ಐದು ಗಂಟೆಗೆ ಲೆಕ್ಕ ಆರುನೂರ ಹನ್ನೆರಡಕ್ಕೆ ನಿಂತಿತು. ಇಪ್ಪತ್ತೆಂಟು ಹೋಗಿದ್ದವು. ಬ್ರಾಹ್ಮಿ ಅತ್ತಳು. ಕಣ್ಣೊರೆಸಿಕೊಂಡು ಮತ್ತೆ ನೋಡಿದಾಗ ಇನ್ನೊಂದು ಕಷ್ಟ ಕಾಣಿಸಿತು. ಫೋಟೋಗಳು ಬಂದಿದ್ದವು, ಆದರೆ ಒಂದಕ್ಕೂ ಹೆಸರಿರಲಿಲ್ಲ. ಒಂದು, ಎರಡು, ಮೂರು ಎಂದು ಬರಿಯ ಅಂಕಿ. ಇಂಥ ಕೆಲಸದಲ್ಲಿ ಚಿತ್ರ ಉಳಿಯುತ್ತದೆ, ಇಟ್ಟ ಹೆಸರು ಅಳಿದುಹೋಗುತ್ತದೆ. ಅದು ಅವಳಿಗೆ ಗೊತ್ತಿದ್ದ ವಿಷಯವೇ, ಆದರೆ ಇಷ್ಟು ವರ್ಷ ಅದರಿಂದ ಅವಳಿಗೆ ನೋವಾಗಿರಲಿಲ್ಲ.

ಫೋನಿನಲ್ಲಿ ಸುದ್ದಿ ಕೇಳಿ ನವ್ಯಾ ಮೊದಲು ಉಸಿರು ಬಿಟ್ಟಳು, ಆಮೇಲೆ ಲೆಕ್ಕ ಹಾಕಿದಳು. ‘‘ನಂಗೆ ನೂರು ಗುರ್ತ ಸಿಗಬಹುದು ಮೇಡಂ. ಉಳಿದದ್ದಕ್ಕೆ ಅಜ್ಜನೇ ಬೇಕು.’’

‘‘ಕರ್ಕೊಂಡು ಬನ್ನಿ. ಅವರು ಹೇಳಲಿ, ನಾನು ಬರೀತೇನೆ’’ ಎಂದಳು ಬ್ರಾಹ್ಮಿ.

ಸೋಮವಾರ ಮೊದಲ ಬಸ್ಸಿಗೆ ಇಬ್ಬರೂ ಬಂದರು. ತುಕ್ರಪ್ಪ ಎಂದಿನಂತೆ ಬಾಗಿಲಲ್ಲಿ ನಿಂತ. ಬ್ರಾಹ್ಮಿ ತನ್ನ ಕುರ್ಚಿಯನ್ನೇ ಕಂಪ್ಯೂಟರಿನ ಎದುರಿಗೆ ಎಳೆದು, ‘‘ಇಲ್ಲಿ ಕೂತ್ಕೊಳ್ಳಿ ತುಕ್ರಪ್ಪಣ್ಣ’’ ಎಂದಳು. ಅವನು ಕುರ್ಚಿಯನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿ, ಅಂಚಿನಲ್ಲಿ ಕೂತ. ಬ್ರಾಹ್ಮಿ ಪಕ್ಕದ ಸ್ಟೂಲಿನ ಮೇಲೆ ಕೂತು ಕೀಬೋರ್ಡು ತೊಡೆಗೆ ಇಟ್ಟುಕೊಂಡಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ಮೊದಲ ಹತ್ತಕ್ಕೆ ಅರ್ಧ ಗಂಟೆ ಹಿಡಿಯಿತು. ಅವನಿಗೆ ಬರಿಯ ಹೆಸರು ಹೇಳಿ ಗೊತ್ತಿರಲಿಲ್ಲ. ‘‘ಇದು ಕಲ್ಲಣಬೆ. ಮೊದಲ ಗುಡುಗಿಗೆ ಏಳುವುದು. ಇದು ತೆಗೆದದ್ದು ಹಲಸಿನ ಮರ ಬಿದ್ದಿತ್ತಲ್ಲ ಮಗಾ, ಅದರ ಕೆಳಗೆ. ಅವತ್ತು ನಿನ್ನ ಕಾಲಿಗೆ ಉಂಬಳ ಹತ್ತಿ ರಕ್ತ ಹೀರಿತ್ತು.’’ ಹುತ್ತದ ಅಣಬೆ, ಬಿದಿರಿನ ಬುಡದ ಅಣಬೆ. ಕೆಲವಕ್ಕೆ ಅವನ ತಾಯಿ ಇಟ್ಟ ಹೆಸರುಗಳಿದ್ದವು. ಮುದುಕಿಯ ಕೊಡೆ. ಅತ್ತೆ ಹಲ್ಲು. ತೆಳ್ಳಗೆ ಬಿಳಿಯಾಗಿ ಮಧ್ಯಾಹ್ನದೊಳಗೆ ಕರಗಿಹೋಗುವ ಒಂದಕ್ಕೆ ‘ನೆಂಟರ ಮಗು’ ಎಂದು ಹೆಸರು, ಬಂದಷ್ಟೇ ಬೇಗ ಹೋಗುತ್ತದೆಂದು. ಬ್ರಾಹ್ಮಿ ಬರೆದಳು. ಹನ್ನೊಂದರ ಹೊತ್ತಿಗೆ ಮುದುಕ ಕುರ್ಚಿಯ ಅಂಚು ಬಿಟ್ಟು ಬೆನ್ನಿಗೆ ಒರಗಿದ್ದ, ಚಿತ್ರ ಬರುವ ಮೊದಲೇ ಬೆರಳು ಎತ್ತಿ ಕಾಯುತ್ತಿದ್ದ.

ಮೊಯಿದಿನಬ್ಬ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬಂದು ಇಣುಕಿದರು. ‘‘ಇದಕ್ಕೆ ಕಾಳುಮೆಣಸು ಹಾಕಿದ್ರೆ ಉಂಟಲ್ಲ’’ ಎಂದು ಬಾಯಲ್ಲಿ ನೀರು ತಂದುಕೊಂಡರು. ಆಮೇಲೆ ಬ್ರಾಹ್ಮಿಯನ್ನು ನೋಡಿ, ‘‘ನೀವು ಜೈನರು ಮುಟ್ಟುವುದೂ ಇಲ್ಲ ಅಲ್ವಾ ಬ್ರಾಹ್ಮಿಯಕ್ಕ?’’ ಎಂದರು.

‘‘ತಿನ್ನುವುದಿಲ್ಲ, ಬರೀಬಾರದು ಅಂತ ಎಲ್ಲಿಯೂ ಇಲ್ಲ’’ ಎಂದಳು ಬ್ರಾಹ್ಮಿ. ಆ ದಿನಗಳಲ್ಲಿ ನವ್ಯಾ ಮೊದಲ ಸಲ ನಕ್ಕಳು.

ಮಂಗಳವಾರ ಚಹಾ ಕುಡಿಯುವಾಗ ಬ್ರಾಹ್ಮಿ ಕೇಳಿದಳು: ‘‘ನಿಮ್ಮ ಹೆಸರಿನ ಅರ್ಥ ಎಂತ ತುಕ್ರಪ್ಪಣ್ಣ?’’

‘‘ಅರ್ಥ ಎಂತದ್ದು ಅಮ್ಮಾ. ತುಕ್ರವಾರ ಹುಟ್ಟಿದ್ದು.’’ ತುಳುವಿನಲ್ಲಿ ಶುಕ್ರವಾರಕ್ಕೆ ಹಾಗೆನ್ನುತ್ತಾರೆ. ‘‘ಅಣ್ಣ ಮಂಗಳವಾರದವ, ಅವ ಅಂಗಾರ. ತಮ್ಮ ಶನಿವಾರದವ, ತನಿಯ. ಆಗ ನಮ್ಮಂಥವರಿಗೆ ದೊಡ್ಡ ದೊಡ್ಡ ಹೆಸರು ಇಡ್ಲಿಕ್ಕೆ ಇರ್ಲಿಲ್ಲ. ವಾರ ನೋಡಿ ಕರೆಯುವುದು, ಅಷ್ಟೆ. ಅಪ್ಪ ಅಂತ ಹಿಂದೆ ಸೇರಿದ್ದು ಈಗೀಗ, ರೇಷನ್ ಕಾರ್ಡಿನಲ್ಲಿ.’’ ಲೋಟ ಕೆಳಗಿಟ್ಟು ನಿಧಾನಕ್ಕೆ ಹೇಳಿದ: ‘‘ಮಗನಿಗೆ ಮಗಳು ಹುಟ್ಟಿದಾಗ ನಾನು ಹೇಳಿದೆ, ವಾರ ನೋಡುವುದು ಬೇಡ, ಹೊಸ ಹೆಸರು ಇಡುವ ಅಂತ. ಅಂಗನವಾಡಿ ಟೀಚರಲ್ಲಿ ಹೋಗಿ ಕೇಳಿದ್ದು.’’

ಬ್ರಾಹ್ಮಿ ಉದ್ದ ನೋಟುಪುಸ್ತಕ ತೆಗೆದಳು. ಇಪ್ಪತ್ತೆರಡು ವರ್ಷ ಕಂಪೆನಿಗಳ ಹೆಸರೇ ತುಂಬಿದ್ದ ಅದರಲ್ಲಿ ಹೊಸ ಪುಟ ತಿರುವಿ, ‘ತುಕ್ರಪ್ಪ, ಶುಕ್ರವಾರ ಹುಟ್ಟಿದವರು’ ಎಂದು ಬರೆದಳು. ಕೆಳಗೆ ಅಂಗಾರ, ತನಿಯ. ಅದರ ಕೆಳಗೆ ನವ್ಯಾ, ಅಜ್ಜ ಕೇಳಿ ಇಡಿಸಿದ ಹೆಸರು. ಅಪ್ಪ ಹೇಳಿದ್ದು ಸರಿಯಾಗಿತ್ತು. ಕೇಳುವವರು ಇರಲಿಲ್ಲ, ಅಷ್ಟೆ.

ಮಂಗಳವಾರ ನಾಲ್ಕು ಗಂಟೆಗೆ ಕೊನೆಯ ಚಿತ್ರ ಬಂತು. ನೀಲಿ ಛಾಯೆಯ, ಬೆರಳ ತುದಿಯಷ್ಟು ಸಣ್ಣ ಒಂದು ಅಣಬೆ. ತುಕ್ರಪ್ಪ ಬಹಳ ಹೊತ್ತು ನೋಡಿದ. ‘‘ಇದು ಸಿಕ್ಕಿದ ಜಾಗ ಗೊತ್ತುಂಟು, ನೀರು ಹರಿಯುವ ತೋಡಿನ ಆಚೆ ಬದಿ. ಹೆಸರು ಗೊತ್ತಿಲ್ಲ. ಅಮ್ಮನೂ ಹೇಳಿದ್ದಿಲ್ಲ.’’ ಏನಾದರೊಂದು ಇಡಿ ಎಂದಳು ನವ್ಯಾ. ಅವನು ತಲೆಯಾಡಿಸಿ, ‘‘ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತ ಬರೆಯುವ’’ ಎಂದ. ಬ್ರಾಹ್ಮಿ ಹಾಗೆಯೇ ಬರೆದಳು.

ಗುರುವಾರ ಸಂಜೆ ಅವಳ ಫೋನಿಗೆ ಒಂದು ಸಂದೇಶ ಬಂತು. ‘ಕೊಟ್ಟಾಯ್ತು ಅಕ್ಕ. ಇಪ್ಪತ್ತೆಂಟು ಕಡಿಮೆ ಇದ್ದದ್ದು ಸರ್ ಕೇಳಿದ್ರು, ಮುಂದಿನ ಆಟಿಗೆ ಸೇರಿಸ್ತೇನೆ ಅಂದೆ. ಅಜ್ಜನ ಹೆಸರು ಮೊದಲನೇ ಪುಟದಲ್ಲಿ ಹಾಕಿದ್ದೇನೆ.’ ಬ್ರಾಹ್ಮಿ ಅದನ್ನು ಮೊಯಿದಿನಬ್ಬರಿಗೆ ಓದಿ ಹೇಳಿದಳು, ಶ್ರೇಯಾಂಸನಿಗೆ ಎರಡು ಸಲ ಓದಿ ಹೇಳಿದಳು. ಮೇಡಂ ಹೋಗಿ ಅಕ್ಕ ಆದದ್ದನ್ನು ಬೇರೆಯಾಗಿ ತೋರಿಸಿದಳು.

ಮರುದಿನ ತುಕ್ರಪ್ಪ ಒಬ್ಬನೇ ಬಂದ. ಬಟ್ಟೆಯ ಚೀಲದಲ್ಲಿ ಅದೇ ಲೆನೊವೊ. ಬೆಂಗಳೂರಿನಿಂದ ಕೀಬೋರ್ಡು ಬಂದಿತ್ತು, ಹಾಕಿಸಬೇಕಿತ್ತು. ಚಪ್ಪಲಿ ಹೊರಗೇ ಬಿಟ್ಟ, ಆದರೆ ನೇರವಾಗಿ ಒಳಗೆ ಬಂದು ಕುರ್ಚಿಯಲ್ಲಿ ಕೂತ. ಬ್ರಾಹ್ಮಿ ರಿಜಿಸ್ಟರು ಬಿಡಿಸಿದಳು. ‘ತುಕ್ರಪ್ಪ’ ಎಂದು ಮೊದಲು ಬರೆದಳು. ಮುಂದೆ ಮನೆಯ ಜಾಗಕ್ಕೆ ಬಂದಾಗ ಅಭ್ಯಾಸಬಲದಿಂದ ಪೆನ್ನು ‘ಹೊ’ ಬರೆಯಲು ಹೋಯಿತು. ಅವಳು ತಡೆದುಕೊಂಡಳು.

‘‘ಯಾವ ಮನೆ ಅಂತ ಬರೆಯಲಿ ತುಕ್ರಪ್ಪಣ್ಣ?’’

ಕಿಟಕಿಯ ಆಚೆ ಧರ್ಮಸ್ಥಳದ ಬಸ್ಸು ಬಂದು ನಿಂತಿತು, ಜನ ಇಳಿದರು, ಹತ್ತಿದರು, ಬಸ್ಸು ಹೊರಟಿತು. ಮುದುಕ ಮೊಣಕಾಲಿನ ಮೇಲೆ ಕೈಯೂರಿ, ಗಂಟಲು ಸರಿಮಾಡಿಕೊಂಡ.

‘‘ತುಕ್ರಪ್ಪನ ಮನೆ ಅಂತ ಬರೀರಿ.’’

ಬ್ರಾಹ್ಮಿ ಬರೆದಳು. ದಪ್ಪ ಅಕ್ಷರದಲ್ಲಿ ಚೀಟಿಯನ್ನೂ ಬರೆದು ಯಂತ್ರದ ಬೆನ್ನಿಗೆ ಅಂಟಿಸಿ, ಅವನಿಗೆ ಕಾಣುವ ಹಾಗೆ ತಿರುಗಿಸಿ ಹಿಡಿದಳು. ಅವನು ಅಕ್ಷರಗಳ ಮೇಲೆ ಬೆರಳಾಡಿಸಿದ.

‘‘ನನಗೆ ಓದ್ಲಿಕ್ಕೆ ಬರುವುದಿಲ್ಲ. ಎಂತ ಬರೆದದ್ದು ಅಂತ ಓದಿ ಅಮ್ಮಾ.’’

‘‘ತುಕ್ರಪ್ಪನ ಮನೆ, ನೆರಿಯ.’’

‘‘ಇನ್ನೊಂದು ಸಲ’’ ಎಂದ ಅವನು.